ಪೇಷೆಂಟ್ ಕಡೆಯವರು ಯಾರು?

ಅಬ್ಬಿಗೆರೆ, ಬೆಂಗಳೂರು
4 ಆಗಸ್ಟ್ 2025

ಡಾ. ಸ್ಮಿತಾ ಅವರಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ನನಗೆ ಕ್ಯಾನ್ಸರ್ ಇದೆಯಂತೆ. ನಿಮಗೆ ಮೊದಲಿನಿಂದಲೂ ಗೊತ್ತಿತ್ತಂತೆ. ನನ್ನ ಮಗ ಸುರೇಶನಿಗೆ ಗೊತ್ತು, ಸೊಸೆ ರಾಧಾಮಣಿಗೆ ಗೊತ್ತು, ವಾರ್ಡಿನಲ್ಲಿ ನೆಲ ಒರೆಸುವವಳಿಗೂ ಗೊತ್ತು. ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ, ರೋಗ ಇರುವ ಹೊಟ್ಟೆಯ ಯಜಮಾನಿ.

ನೆನಪಾಗದಿದ್ದರೆ ಹೇಳುತ್ತೇನೆ. ದ್ರೌಪದಮ್ಮ, ಅರವತ್ತೆರಡು ವರ್ಷ, ಬಿಎಂಟಿಸಿಯ ರಿಟೈರ್ಡ್ ಕಂಡಕ್ಟರ್. ಹೋದ ನವೆಂಬರಿನಲ್ಲಿ ಹೆಬ್ಬಾಳದ ಕಡೆಯ ಆ ಆಸ್ಪತ್ರೆಯಲ್ಲಿ ನನ್ನ ಹೊಟ್ಟೆ ಕೊಯ್ದವರು ನೀವು. ಎಚ್ಚರವಾದ ಮೇಲೆ ನನ್ನ ಕೈ ಹಿಡಿದುಕೊಂಡು, “ಗರ್ಭಕೋಶದ ಪಕ್ಕ ಒಂದು ಗಡ್ಡೆ ಇತ್ತಮ್ಮ, ತೆಗ್ದಿದೀವಿ, ಇನ್ನೇನೂ ಭಯ ಇಲ್ಲ” ಎಂದಿರಿ. ಆಮೇಲೆ ಡ್ರಿಪ್ ಶುರುವಾಯಿತು. ಏತಕ್ಕೆ ಎಂದರೆ, “ಆಪರೇಷನ್ ಆಗಿ ಸುಸ್ತಾಗಿದೀರಲ್ಲ, ಶಕ್ತಿ ಬರೋಕೆ” ಎಂದಿರಿ. ಅಂಥ ಶಕ್ತಿ ಡಾಕ್ಟರಮ್ಮ, ಅದನ್ನು ಹಾಕಿಸಿಕೊಂಡು ಬಂದರೆ ಮೂರು ದಿನ ಬಚ್ಚಲಲ್ಲೇ ಕೂತಿರುತ್ತಿದ್ದೆ.

ಮೇ ತಿಂಗಳಲ್ಲಿ ನೀವು ಹುಬ್ಬಳ್ಳಿಗೆ ಹೋದಿರಿ. ಡ್ರಿಪ್ ನಿಲ್ಲಲಿಲ್ಲ. ಹೋದ ವಾರ ಡ್ರಿಪ್ ಹಾಕುವ ಹಾಲಿನಲ್ಲಿ ನನ್ನ ಪಕ್ಕದ ಕುರ್ಚಿಗೆ ಜಬೀನ್ ಎಂಬ ಹುಡುಗಿ ಬಂದಿದ್ದಳು, ಆರ್.ಟಿ. ನಗರದವಳು. ತಲೆಗೆ ನನ್ನ ಹಾಗೇ ಬಟ್ಟೆ ಕಟ್ಟಿಕೊಂಡಿದ್ದಳು.

“ಆಂಟಿ, ನಿಮ್ದು ಎಲ್ಲಿ ಶುರುವಾಗಿದ್ದು?” ಎಂದಳು.

“ಏನಮ್ಮ ಶುರುವಾಗಿದ್ದು?”

“ಕ್ಯಾನ್ಸರ್ ಆಂಟಿ. ನಂದು ಎದೇಲಿ.”

“ನನಗೆ ಅದೆಲ್ಲಾ ಇಲ್ಲಮ್ಮ. ಇದು ಶಕ್ತಿ ಡ್ರಿಪ್ಪು.”

ಆ ಹುಡುಗಿ ನನ್ನ ಡ್ರಿಪ್ ಬಾಟಲಿಯನ್ನೊಮ್ಮೆ ನೋಡಿದಳು, ತನ್ನದನ್ನೊಮ್ಮೆ ನೋಡಿದಳು. “ಹೌದಾ ಆಂಟಿ, ಹಂಗೇ ಇರ್ಬೇಕು ಬಿಡಿ” ಎಂದು ಕಿಟಕಿಯ ಕಡೆ ತಿರುಗಿಕೊಂಡಳು. ಪಾಪ, ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ನಿಮ್ಮ ಹತ್ತಿರ ಟ್ರೈನಿಂಗ್ ತೆಗೆದುಕೊಳ್ಳಬೇಕಿತ್ತು. ಆಚೆ ಬಂದು ನೆಲ ಒರೆಸುವವಳನ್ನು ಹಿಡಿದು ಕೇಳಿದೆ, ಅವಳು ಎಲ್ಲವನ್ನೂ ಬಾಯಿಬಿಟ್ಟಳು.

ಈಗ ಹೊಸ ಡಾಕ್ಟರರು ಸೆಪ್ಟೆಂಬರ್ ಹತ್ತನೇ ತಾರೀಕು ನನಗೆ ಇನ್ನೊಂದು ಆಪರೇಷನ್ ಇಟ್ಟುಕೊಂಡಿದ್ದಾರೆ. ಅವರು ಮಾತಾಡುವುದೆಲ್ಲ ಸುರೇಶನ ಹತ್ತಿರ. ಮನೆಯಲ್ಲಿ ನನಗೆ ಹೇಳಿರುವುದು, “ಏನಿಲ್ಲಮ್ಮ, ಹೊಟ್ಟೆ ಕ್ಲೀನ್ ಮಾಡ್ತಾರೆ ಅಷ್ಟೆ” ಎಂದು. ನನ್ನದು ಹೊಟ್ಟೆಯೋ, ನೀರಿನ ಸಂಪೋ?

ನನ್ನ ಫೋನು ಸೊಸೆಯ ಕೈಯಲ್ಲಿರುತ್ತದೆ. ಅದೂ ಅಲ್ಲದೆ ಫೋನಿನಲ್ಲಾದರೆ ನೀವು ನುಣುಚಿಕೊಳ್ಳುತ್ತೀರಿ. ಅದಕ್ಕೇ ಕಾಗದ. ನಿಮ್ಮ ಹೊಸ ಆಸ್ಪತ್ರೆಯ ವಿಳಾಸ ಯಾರು ಕೊಟ್ಟರು ಎಂದು ಕೇಳಬೇಡಿ. ನನಗೆ ಏನಾಗಿದೆ, ಆ ದಿನ ನನ್ನ ಮೈಗೆ ಏನು ಮಾಡುತ್ತಾರೆ, ಅದರಿಂದ ನನಗೇನು ಬಂತು, ಇಷ್ಟನ್ನು ಹತ್ತನೇ ತಾರೀಕಿನೊಳಗೆ ಬರೆಯಿರಿ. ತಿಳಿಯದೆ ನಾನು ಇನ್ನೊಂದು ಸಲ ಆ ಟೇಬಲ್ಲಿನ ಮೇಲೆ ಮಲಗುವುದಿಲ್ಲ.

ದ್ರೌಪದಮ್ಮ


ಹುಬ್ಬಳ್ಳಿ
14 ಆಗಸ್ಟ್ 2025

ಶ್ರೀಮತಿ ದ್ರೌಪದಮ್ಮ ಅವರಿಗೆ,

ತಮ್ಮ ಪತ್ರ ತಲುಪಿದೆ. ತಮ್ಮ ಆರೋಗ್ಯದ ಬಗೆಗಿನ ತಮ್ಮ ಕಾಳಜಿಯನ್ನು ಗೌರವಿಸುತ್ತೇನೆ.

ನಾನು ಸದರಿ ಆಸ್ಪತ್ರೆಯ ಸೇವೆಯಲ್ಲಿ ಈಗ ಇಲ್ಲದಿರುವುದರಿಂದ ತಮ್ಮ ಚಿಕಿತ್ಸೆಯ ಕುರಿತು ಅಭಿಪ್ರಾಯ ನೀಡಲು ಸಾಧ್ಯವಾಗುವುದಿಲ್ಲ. ರೋಗಿಯ ವೈದ್ಯಕೀಯ ಮಾಹಿತಿಯು ಗೌಪ್ಯವಾಗಿದ್ದು, ಅದನ್ನು ಅಂಚೆಯ ಮೂಲಕ ಹಂಚಿಕೊಳ್ಳಲಾಗದು. ತಮ್ಮ ಚಿಕಿತ್ಸೆಯ ಎಲ್ಲ ಹಂತಗಳೂ ಸೂಕ್ತ ಒಪ್ಪಿಗೆ ಪಡೆದೇ ನಡೆದಿವೆ ಎಂದು ಸ್ಪಷ್ಟಪಡಿಸುತ್ತೇನೆ. ಹೆಚ್ಚಿನ ವಿವರಗಳಿಗೆ ತಮ್ಮ ಪುತ್ರ ಶ್ರೀ ಸುರೇಶ್ ಅವರನ್ನು ಕೇಳಬಹುದು.

ತಾವು ಶೀಘ್ರ ಗುಣಮುಖರಾಗಲೆಂದು ಹಾರೈಸುತ್ತೇನೆ.

ಡಾ. ಸ್ಮಿತಾ


ಅಬ್ಬಿಗೆರೆ
20 ಆಗಸ್ಟ್ 2025

ಡಾಕ್ಟರಮ್ಮನವರೇ,

ನಿಮ್ಮ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು.

ರೋಗಿಯ ಮಾಹಿತಿ ಗೌಪ್ಯವಂತೆ! ಯಾರಿಂದ ಗೌಪ್ಯ? ಊರಿಗೆಲ್ಲ ಹಂಚಿ ಮುಗಿಸಿದ ಮೇಲೆ, ನನ್ನ ಗುಟ್ಟನ್ನು ನನ್ನಿಂದಲೇ ಮುಚ್ಚಿಡುತ್ತೀರಾ? ನನ್ನ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯಲು ನಾನು ನನ್ನ ಹೊಟ್ಟೆಯಲ್ಲೇ ಹುಟ್ಟಿದವನನ್ನು ಕೇಳಬೇಕೇ? ನಾಚಿಕೆಯಾಗುವುದಿಲ್ಲವೇ ನಿಮಗೆ?

ಒಪ್ಪಿಗೆ ಪಡೆದಿದ್ದೀರಂತೆ. ಯಾರ ಒಪ್ಪಿಗೆ? ಆಪರೇಷನ್ನಿನ ಹಿಂದಿನ ದಿನ ಇಂಗ್ಲಿಷಿನ ಹಾಳೆಗಳನ್ನು ತಂದು, “ಇಲ್ಲೊಂದು ಸೈನ್ ಹಾಕಮ್ಮ, ಇಲ್ಲೊಂದು” ಎಂದು ಬೆರಳಿಟ್ಟು ತೋರಿಸಿದರು. ಹಾಕಿದೆ. ಎದುರಿಗೆ ನೀವು ನಗುತ್ತಾ ನಿಂತಿದ್ದಿರಿ. ಅಂಥ ನಗುವನ್ನು ನಂಬದೆ ಇರಲು ನನಗೇನು ಹುಚ್ಚೇ?

ನಿಮ್ಮ ಆಸ್ಪತ್ರೆಯ ಆಟ ಈಗ ಅರ್ಥವಾಗುತ್ತಿದೆ. ರಿಪೋರ್ಟ್ ಬಂದಾಗಲೆಲ್ಲ ನಿಮ್ಮ ರೂಮಿನ ಬಾಗಿಲಲ್ಲಿ ನಿಂತ ಹುಡುಗಿ, “ದ್ರೌಪದಮ್ಮ, ಪೇಷೆಂಟ್ ಕಡೆಯವರು ಯಾರು? ಒಳಗೆ ಬನ್ನಿ” ಎಂದು ಕೂಗುತ್ತಿದ್ದಳು. ಸುರೇಶ ಎದ್ದು ಒಳಗೆ ಹೋಗುತ್ತಿದ್ದ. ರಾಧಾಮಣಿ ನನ್ನ ತೋಳು ಹಿಡಿದು, “ಬನ್ನಿ ಅತ್ತೆ, ಎಳ್ನೀರ್ ಕುಡ್ಕೊಂಡ್ ಬರೋಣ” ಎಂದು ಗೇಟಿನ ಆಚೆ ಕರೆದುಕೊಂಡು ಹೋಗುತ್ತಿದ್ದಳು. ಒಳಗೆ ನನ್ನ ಹಣೆಬರಹ ಓದುತ್ತಿದ್ದಿರಿ. ಹೊರಗೆ ನಾನು ಎಳನೀರು ಕುಡಿದು, ಅದನ್ನು ಹೋಳು ಮಾಡಿಸಿ ಒಳಗಿನ ಗಂಜಿ ತಿನ್ನುತ್ತಾ ನಿಂತಿರುತ್ತಿದ್ದೆ, ಸೊಸೆ ಎಷ್ಟು ಒಳ್ಳೆಯವಳು ಎಂದುಕೊಂಡು.

ಕಂಡಕ್ಟರ್ ಕೆಲಸ ಮಾಡಿದವಳು ನಾನು. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೂಗಿ ಹೇಳದೆ ಒಬ್ಬರನ್ನೂ ಹತ್ತಿಸಿಕೊಂಡವಳಲ್ಲ. ಕುಡಿದು ತೂರಾಡುತ್ತಾ ಬಂದವನಿಗೂ, “ಇದು ಹೆಸರಘಟ್ಟಕ್ಕೆ ಹೋಗಲ್ಲ, ಚಿಕ್ಕಬಾಣಾವರಕ್ಕೇ ಲಾಸ್ಟು, ಗೊತ್ತಾಯ್ತಾ?” ಎಂದು ಕಿವಿಯ ಹತ್ತಿರ ಅರಚುತ್ತಿದ್ದೆ. ಕುಡುಕನಿಗೆ ಕೊಟ್ಟ ಮರ್ಯಾದೆಯನ್ನು ನೀವು ನನಗೆ ಕೊಡಲಿಲ್ಲ.

ಕೂದಲಿನ ಕತೆ ಹೇಳಲೇ? ಜನವರಿಯಲ್ಲಿ ಹಿಡಿಹಿಡಿ ಉದುರಿತು. ಬೋರ್‌ವೆಲ್ ನೀರು ಗಡುಸು, ಅದಕ್ಕೇ ಎಂದು ಸುರೇಶ ಹೇಳಿದ. ನೀವೂ ತಲೆಯಾಡಿಸಿದಿರಿ. ಸುಳ್ಳನ್ನು ಸಾಕುವುದಕ್ಕೆ ಅವನು ಮನೆಗೆ ನೀರು ಮೆದುವಾಗಿಸುವ ಮೆಷಿನ್ನನ್ನೇ ತಂದು ಕೂರಿಸಿದ! ನಾನು ಅಷ್ಟಕ್ಕೆ ಸುಮ್ಮನಿರುವವಳೇ? ನಮ್ಮ ಬೀದಿಗೆ ಟ್ಯಾಂಕರಿನಲ್ಲಿ ಆ ಬೋರ್‌ವೆಲ್ ನೀರು ತಂದು ಹಾಕುವ ಮುನಿಶಾಮಪ್ಪನನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು, “ನಿನ್ ನೀರಿಂದ ನನ್ ತಲೆ ಬೋಳಾಯ್ತು ಕಣೋ, ನಿನ್ ಮನೆ ಹಾಳಾಗ” ಎಂದು ಬಾಯಿಗೆ ಬಂದ ಹಾಗೆ ಬೈದೆ. ಬೀದಿಯವರೆಲ್ಲ ಅವನ ನೀರು ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಬರೆ ಹಾಕಿದ ಕೈ ನನ್ನದು. ಆದರೆ ಕಬ್ಬಿಣ ಕಾಯಿಸಿಕೊಟ್ಟವರು ನೀವೆಲ್ಲ. ತಲೆಯಲ್ಲಿ ಕೂದಲಿಲ್ಲದ್ದಕ್ಕೆ ನನ್ನ ಕಿವಿಗೆ ಹೂ ಮುಡಿಸಿದಿರಿ.

ಇನ್ನು ಏಪ್ರಿಲ್. ಸ್ಕ್ಯಾನ್ ಆದ ಮೇಲೆ “ಎಲ್ಲಾ ಚೆನ್ನಾಗಿದೆ ಅಮ್ಮ” ಎಂದಿರಿ. ನನಗೆ ಆದ ಸಂತೋಷಕ್ಕೆ ತುಪ್ಪದ ಮೈಸೂರು ಪಾಕು ಮಾಡಿಕೊಂಡು ಬಂದು ಇಡೀ ವಾರ್ಡಿಗೆ ಹಂಚಿದೆ. ನಿಮಗೂ ಕೊಟ್ಟೆ. ನನ್ನ ಎದುರಿಗೇ ಬಾಯಿಗೆ ಹಾಕಿಕೊಂಡಿರಿ. ಹೇಗೆ ಇಳಿಯಿತು ಗಂಟಲಲ್ಲಿ?

ತಾರೀಕು ಹತ್ತಿರ ಬರುತ್ತಿದೆ. ಹಾರೈಕೆ ಬೇಡ, ಉತ್ತರ ಬೇಕು.

ದ್ರೌಪದಮ್ಮ


ಅಬ್ಬಿಗೆರೆ
30 ಆಗಸ್ಟ್ 2025

ಡಾಕ್ಟರಮ್ಮನವರೇ,

ಉತ್ತರವಿಲ್ಲ. ವಕೀಲರ ಹಿಂದೆ ಅಡಗಿ ಕೂತಿದ್ದೀರಿ ಎಂದುಕೊಳ್ಳುತ್ತೇನೆ. ಕೂತಿರಿ.

ಸುರೇಶನನ್ನು ಕೇಳಿದೆ. ನೀವೇ ಹೇಳಿದ್ದಿರಲ್ಲ, ಕೇಳಿ ಎಂದು. ಅಂಗಡಿಯಿಂದ ಬಂದು ಊಟಕ್ಕೆ ಕೂತಿದ್ದ. “ನನಗೆ ಕ್ಯಾನ್ಸರ್ ಏನೋ?” ಎಂದೆ. ಅನ್ನ ಕಲೆಸುತ್ತಿದ್ದ ಕೈ ನಿಂತಿತು. “ಯಾವ್ ಮುಂಡೇದಮ್ಮ ನಿನ್ ತಲೇಲಿ ತುಂಬಿದ್ದು? ಮನೆದೇವ್ರಾಣೆ ಅಂಥದ್ದೇನೂ ಇಲ್ಲ” ಎಂದು ನನ್ನ ತಲೆಯ ಮೇಲೆ ಕೈಯಿಟ್ಟ. ಬೋಳು ತಲೆ ಮುಟ್ಟಿ ಆಣೆ ಮಾಡಿದ! ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಅವನ ಕಣ್ಣು ನೋಡಿ ಎದ್ದು ಹೋದೆ.

ಮುನಿಶಾಮಪ್ಪನ ಹತ್ತಿರ ತಪ್ಪಾಯಿತು ಎಂದು ಹೇಳಲು ಹೋದೆ. ಅವನೇನೆಂದ ಗೊತ್ತೇ? “ಬುಡಕ್ಕ, ನಂಗೆ ಅವತ್ತೇ ಗೊತ್ತಿತ್ತು. ಅಮ್ಮ ಬೈದ್ರೆ ಸುಮ್ಕೆ ಬೈಸ್ಕೊ, ಇಂಗಿಂಗೆ ಸಮಾಚಾರ ಅಂತ ಸುರೇಸ ಮೊದ್ಲೇ ಏಳಿದ್ದ.” ಅಯ್ಯೋ ದೇವರೇ, ಟ್ಯಾಂಕರಿನವನಿಗೂ ಗೊತ್ತು! ಬೈಗುಳ ತಿನ್ನಲಿಕ್ಕೆ ಅವನನ್ನು ಮೊದಲೇ ತಯಾರು ಮಾಡಿದ್ದಾರೆ. ಇಡೀ ಅಬ್ಬಿಗೆರೆ ನಾಟಕ ಆಡುತ್ತಿತ್ತು, ನಾನೊಬ್ಬಳು ನಿಜವೆಂದುಕೊಂಡು ಕುಣಿಯುತ್ತಿದ್ದೆ.

ಮಂಗಳವಾರ ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ನನ್ನ ಫೈಲಿನ ನಕಲು ಕೊಡಿ ಎಂದೆ. ಕೌಂಟರಿನವನು ಕಂಪ್ಯೂಟರಿನಿಂದ ಕಣ್ಣೆತ್ತದೆ, “ಪೇಷೆಂಟ್ ಕಡೆಯವರನ್ನ ಕಳ್ಸಿ ಅಮ್ಮ” ಎಂದ. ನಾನೇ ಪೇಷೆಂಟ್ ಕಣಪ್ಪ ಎಂದೆ. “ಅದಕ್ಕೇ ಹೇಳಿದ್ದು, ಕಡೆಯವರನ್ನ ಕಳ್ಸಿ” ಎಂದ. ಅವನ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ನೀವು ದೊಡ್ಡವರು ಹಾಕಿಕೊಟ್ಟ ದಾರಿಯಲ್ಲಿ ಅವನು ನಡೆಯುತ್ತಿದ್ದಾನೆ.

ಒಂದು ವಿಷಯವನ್ನು ಬರೆಯಬಾರದು ಎಂದುಕೊಂಡಿದ್ದೆ. ಈಗ ಬರೆಯುತ್ತೇನೆ, ಓದಿ. ಚಿಕ್ಕಬಾಣಾವರದಲ್ಲಿ ನನ್ನ ಅಕ್ಕ ಇದ್ದಳು, ಅಕ್ಕಯ್ಯಮ್ಮ. ಸೈಟಿನ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟಿದ್ದೆವು. ಏಪ್ರಿಲಿನಲ್ಲಿ ನೀವು “ಎಲ್ಲಾ ಚೆನ್ನಾಗಿದೆ” ಎಂದ ದಿನ ಅವಳು ಯಾರದೋ ಕೈಯಲ್ಲಿ ಹೇಳಿಕಳಿಸಿದ್ದಳು, ಒಂದು ಸಲ ಬಂದು ಹೋಗು ಎಂದು. ನಾನು ಜಂಭ ಮಾಡಿದೆ. ನನಗೇನಾಗಿದೆ, ಗಟ್ಟಿಮುಟ್ಟಾಗಿದ್ದೇನೆ, ದೀಪಾವಳಿಗೆ ನೋಡಿದರಾಯಿತು ಎಂದೆ. ಜೂನಿನಲ್ಲಿ ಅವಳಿಗೆ ಎದೆನೋವು ಬಂದು ಹೋಗಿಬಿಟ್ಟಳು. ನನಗೆ ಕಾಲ ಕಡಿಮೆ ಇದೆ ಎಂದು ನೀವು ಒಂದು ಮಾತು ಹೇಳಿದ್ದಿದ್ದರೆ ಅವತ್ತೇ ಆಟೋ ಹತ್ತಿ ಹೋಗುತ್ತಿದ್ದೆ. ಅಬ್ಬಿಗೆರೆಯಿಂದ ಚಿಕ್ಕಬಾಣಾವರ ಎಷ್ಟು ದೂರ? ಕೂಗಿದರೆ ಕೇಳಿಸುತ್ತದೆ.

ನನ್ನ ರೋಗವನ್ನಷ್ಟೇ ಮುಚ್ಚಿಟ್ಟೆನೆಂದು ನೀವು ತಿಳಿದಿದ್ದೀರಿ. ನೀವು ಕಿತ್ತುಕೊಂಡದ್ದು ನನ್ನ ಅಕ್ಕನನ್ನು.

ದ್ರೌಪದಮ್ಮ


ಹುಬ್ಬಳ್ಳಿ
3 ಸೆಪ್ಟೆಂಬರ್ 2025

ದ್ರೌಪದಮ್ಮನವರೇ,

ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಹತ್ತನೇ ತಾರೀಕಿನ ಮುಂಚೆ ಸಿಗಲಿ.

ನೀವು ಊಹಿಸಿದ್ದು ಸರಿ. ನಿಮ್ಮ ಮೊದಲ ಕಾಗದವನ್ನು ಹಳೆಯ ಆಸ್ಪತ್ರೆಯ ಕಾನೂನು ವಿಭಾಗಕ್ಕೆ ಕಳಿಸಿದೆ. ನೀವು ಕೇಸು ಹಾಕುತ್ತೀರಿ ಎಂದು ಹೆದರಿದ್ದೆ. ಅವರು ಬರೆದುಕೊಟ್ಟ ಉತ್ತರಕ್ಕೆ ಸಹಿ ಹಾಕಿದೆ. ಎರಡನೆಯದಕ್ಕೆ ಉತ್ತರ ಕೊಡಬೇಡಿ ಎಂದರು, ಕೊಡಲಿಲ್ಲ. ಮೂರನೆಯದನ್ನು ಅವರಿಗೆ ಕಳಿಸಲಿಲ್ಲ.

ಈಗ ನೀವು ಕೇಳಿದ್ದಕ್ಕೆ ಉತ್ತರ. ನಿಮಗೆ ಅಂಡಾಶಯದ ಕ್ಯಾನ್ಸರ್ ಇದೆ. ನವೆಂಬರಿನಲ್ಲಿ ನಾನು ಹೊಟ್ಟೆ ತೆರೆದಾಗಲೇ ಅದು ಹರಡಿತ್ತು. ಗರ್ಭಕೋಶ, ಎರಡೂ ಅಂಡಾಶಯ, ಕಂಡಷ್ಟು ಗಡ್ಡೆ ತೆಗೆದೆ. ನಿಮಗೆ ಹಾಕುತ್ತಿರುವುದು ಶಕ್ತಿಯ ಡ್ರಿಪ್ ಅಲ್ಲ, ಕೀಮೋ. ಕೂದಲು ಹೋದದ್ದು ಅದರಿಂದ, ನೀರಿನಿಂದಲ್ಲ. ಏಪ್ರಿಲಿನ ಸ್ಕ್ಯಾನಿನಲ್ಲಿ ಹೊಟ್ಟೆಯ ಒಳಪೊರೆಯ ಮೇಲೆ ರೋಗ ಮತ್ತೆ ಕಾಣಿಸಿತ್ತು. ಔಷಧಿಯ ನಡುವೆಯೇ ಬೆಳೆದಿತ್ತು ಎಂದರೆ ಅದು ಔಷಧಿಗೆ ಬಗ್ಗುತ್ತಿಲ್ಲ ಎಂದರ್ಥ. ಪೂರ್ತಿ ಗುಣವಾಗುವ ಹಂತ ದಾಟಿದೆ. ಇದನ್ನು ಆ ದಿನ ಸುರೇಶ್ ಅವರಿಗೆ ಹೇಳಿದೆ, ನಿಮಗೆ ಚೆನ್ನಾಗಿದೆ ಎಂದೆ.

ಈಗಿನ ಆಪರೇಷನ್ ಬಗ್ಗೆ ನನಗೆ ಪೂರ್ತಿ ಗೊತ್ತಿಲ್ಲ, ಹೊಸ ಸ್ಕ್ಯಾನ್ ನಾನು ನೋಡಿಲ್ಲ. ಇಂಥ ಸ್ಥಿತಿಯಲ್ಲಿ ಅದು ದೊಡ್ಡ ಆಪರೇಷನ್. ಕರುಳಿನ ಒಂದು ಭಾಗ ತೆಗೆಯಬೇಕಾಗಬಹುದು, ಆಗ ಮಲ ಹೋಗಲು ಹೊಟ್ಟೆಯ ಮೇಲೆ ಚೀಲ ಹಾಕುತ್ತಾರೆ. ಲಾಭ ಸಿಗುವವರು ಕಡಿಮೆ. ಎಷ್ಟು ಲಾಭ, ಎಷ್ಟು ತೊಂದರೆ, ಆಪರೇಷನ್ ಮಾಡಿಸದಿದ್ದರೆ ಏನು, ಇಷ್ಟನ್ನೂ ಆ ಡಾಕ್ಟರರು ನಿಮ್ಮ ಎದುರಿಗೆ, ನಿಮ್ಮ ಭಾಷೆಯಲ್ಲಿ ಹೇಳಲೇಬೇಕು. ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಒಪ್ಪಿಗೆಯನ್ನು ರೋಗಿಯಿಂದಲೇ ಪಡೆಯಬೇಕು. ಮಗನ ಒಪ್ಪಿಗೆ ನಿಮ್ಮ ಒಪ್ಪಿಗೆಯಲ್ಲ. ತಿಳಿಸದೆ ಪಡೆದ ಸಹಿಯೂ ಒಪ್ಪಿಗೆಯಲ್ಲ. ಇದು ಡಾಕ್ಟರರ ದೊಡ್ಡ ಮನಸ್ಸಿನ ಮಾತಲ್ಲ, ಕಾನೂನು. ನವೆಂಬರಿನಲ್ಲೂ ಇದೇ ಕಾನೂನು ಇತ್ತು, ನನಗೂ ಗೊತ್ತಿತ್ತು. ಫೈಲಿನ ನಕಲನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಬರೆದು ಕೊಟ್ಟು, ತಲುಪಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಮೂರು ದಿನದೊಳಗೆ ಕೊಡಬೇಕು.

ಏಕೆ ಹೇಳಲಿಲ್ಲ ಎಂದರೆ, ಸುರೇಶ್ ನನ್ನ ರೂಮಿನಲ್ಲಿ ಕಾಲು ಹಿಡಿದುಕೊಂಡು ಅತ್ತರು. “ಮೇಡಂ, ಗೊತ್ತಾದ್ರೆ ಅಮ್ಮ ಅವತ್ತೇ ಸತ್ತೋಗ್ತಾರೆ. ಊಟ ಬಿಟ್ಬಿಡ್ತಾರೆ” ಎಂದರು. ಇಂಥ ಮಾತನ್ನು ವಾರಕ್ಕೆ ನಾಲ್ಕು ಮನೆಯವರಿಂದ ಕೇಳುತ್ತೇವೆ. ಒಪ್ಪಿಕೊಂಡರೆ ಎಲ್ಲರಿಗೂ ಸುಲಭ, ನಮಗೂ ಸುಲಭ. ಅಳುವ ರೋಗಿಯ ಎದುರು ಕೂರುವುದು ತಪ್ಪುತ್ತದೆ. ನಿಮ್ಮ ಕಾಗದ ಓದುವಾಗ ಒಂದು ಕಡೆ ನನಗೂ ಸಿಟ್ಟು ಬಂತು. ಇದು ಯಾವ ರೋಗ ಎಂದು ನೀವು ಒಂದು ಸಲವೂ ನನ್ನನ್ನು ಕೇಳಲಿಲ್ಲವಲ್ಲ! ತಿಳಿಯುವ ಇಷ್ಟವಿಲ್ಲವೇನೋ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು, ಅದೂ ನಿಜ.

ಮೈಸೂರು ಪಾಕು ಇಳಿಯಲಿಲ್ಲ. ನೀವು ಆಚೆ ಹೋದ ಮೇಲೆ ಉಗುಳಿ ಕಾಗದದಲ್ಲಿ ಸುತ್ತಿ ಎಸೆದೆ.

ಅಕ್ಕನ ವಿಷಯ ನನಗೆ ಗೊತ್ತಿರಲಿಲ್ಲ. ಕ್ಷಮೆ ಕೇಳುತ್ತೇನೆ. ಕೊಡಬೇಕೆಂದಿಲ್ಲ. ದೂರು ಕೊಡುವುದಾದರೆ ಈ ಪತ್ರವನ್ನೇ ಲಗತ್ತಿಸಿ. ನಾನು ಬರೆದದ್ದೆಂದು ಯಾರ ಮುಂದೆ ಬೇಕಾದರೂ ಒಪ್ಪಿಕೊಳ್ಳುತ್ತೇನೆ.

ಆಪರೇಷನ್ ಮಾಡಿಸಿಕೊಳ್ಳಿ ಎಂದಾಗಲಿ ಬೇಡ ಎಂದಾಗಲಿ ನಾನು ಹೇಳುವುದಿಲ್ಲ. ಅದು ನಿಮ್ಮದು.

ಸ್ಮಿತಾ


ಅಬ್ಬಿಗೆರೆ
13 ಸೆಪ್ಟೆಂಬರ್ 2025

ಡಾಕ್ಟರಮ್ಮನವರೇ,

ಹತ್ತನೇ ತಾರೀಕು ಕಳೆಯಿತು. ಹೊಟ್ಟೆ ಹೇಗಿತ್ತೋ ಹಾಗೇ ಇದೆ, ಯಾರೂ ಕೊಯ್ಯಲಿಲ್ಲ.

ನಿಮ್ಮ ಕಾಗದ ಆರನೇ ತಾರೀಕಿಗೇ ಬಂತು. ಹಿತ್ತಿಲ ಕಲ್ಲಿನ ಮೇಲೆ ಕೂತು ಓದಿದೆ. ನನಗೆ ಹೆದರಿಕೆಯಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ, ಸುಳ್ಳಿನ ಸಹವಾಸ ಸಾಕಾಗಿದೆ. ಅತ್ತೆ. ಆಮೇಲೆ ಹಸಿವಾಯಿತು, ಎದ್ದು ಹೋಗಿ ಮುದ್ದೆ ಬಸ್ಸಾರು ಊಟ ಮಾಡಿದೆ. ಅವತ್ತೇ ಸಾಯುತ್ತೇನೆ ಎಂದು ನನ್ನ ಮಗ ನಿಮ್ಮ ಕಾಲು ಹಿಡಿದಿದ್ದನಲ್ಲ, ಅವನಿಗೆ ತನ್ನ ಅಮ್ಮನ ಗುರುತೇ ಇಲ್ಲ. ನಿಮಗೂ ಇರಲಿಲ್ಲ.

ಕೇಳಲಿಲ್ಲ ಎಂದು ಬರೆದಿದ್ದೀರಿ. ಒಳಗೆ ಬಿಟ್ಟಿದ್ದರೆ ತಾನೇ ಕೇಳುವುದು? ಎಳನೀರಿನವನನ್ನು ಕೇಳಬೇಕಿತ್ತೇ?

ಒಂಬತ್ತನೇ ತಾರೀಕು ಅಡ್ಮಿಟ್ ಆಗಲು ಹೋದೆವು. ನಾನು ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ, ಅವರ ಕಲೆಯನ್ನು ಸ್ವಲ್ಪ ನಾನೂ ಕಲಿತಿದ್ದೆ. ರೂಮಿನ ಬಾಗಿಲಲ್ಲಿ ಅದೇ ಹುಡುಗಿ ಬಂದು ನಿಂತು, “ದ್ರೌಪದಮ್ಮ, ಪೇಷೆಂಟ್ ಕಡೆಯವರು ಯಾರು?” ಎಂದಳು. ಸುರೇಶ ಎದ್ದ. ರಾಧಾಮಣಿ ನನ್ನ ತೋಳಿಗೆ ಕೈ ಹಾಕಿದಳು. ಕಂಡಕ್ಟರ್ ಗಂಟಲು ಇನ್ನೂ ಸತ್ತಿಲ್ಲ ಡಾಕ್ಟರಮ್ಮ. “ಕೂತ್ಕೊಳ್ಳೋ ಅಲ್ಲೇ!” ಎಂದೆ. ಸುರೇಶ ಕೂತ. ಅಲ್ಲಿ ನಿಂತಿದ್ದ ಬೇರೆ ಪೇಷೆಂಟ್ ಕಡೆಯ ಇಬ್ಬರು ಗಂಡಸರೂ ಕೂತರು.

“ಅಮ್ಮ, ಕಡೆಯವರು ಬರ್ಬೇಕು” ಎಂದಳು ಹುಡುಗಿ.

“ನನ್ ಕಡೆಯವಳು ನಾನೇ ಕಣಮ್ಮ, ದಾರಿ ಬಿಡು.”

ಹೊಸ ಡಾಕ್ಟರರು ವಯಸ್ಸಿನಲ್ಲಿ ಸುರೇಶನಿಗಿಂತ ಚಿಕ್ಕವರು. “ಅಮ್ಮಾ, ನೀವು ಆರಾಮಾಗಿ ಹೊರಗ್ ಕೂತಿರಿ, ನಿಮ್ಮ ಮಗನ್ನ ಕಳ್ಸಿ” ಎಂದರು.

“ಯಾಕ್ರೀ ಡಾಕ್ಟ್ರೇ, ಅವನ ಹೊಟ್ಟೆ ಕೊಯ್ತೀರಾ?”

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ನಾನು ಕುರ್ಚಿ ಎಳೆದುಕೊಂಡು ಕೂತೆ. ನನಗೆ ಕ್ಯಾನ್ಸರ್ ಇದೆ, ಔಷಧಿಗೆ ಬಗ್ಗುತ್ತಿಲ್ಲ, ನಾಳೆ ನೀವು ಕರುಳು ತೆಗೆದು ಚೀಲ ಹಾಕಬಹುದು, ಇಷ್ಟು ನನಗೆ ಗೊತ್ತು, ಮಿಕ್ಕಿದ್ದನ್ನು ನೀವು ಹೇಳಿ ಎಂದೆ. ಪಾಪ, ಕೆಟ್ಟವರಲ್ಲ. ಮೊದಮೊದಲು ತಡವರಿಸಿದರು, ಆಮೇಲೆ ಚೀಟಿಯ ಮೇಲೆ ಚಿತ್ರ ಬರೆದೇ ತೋರಿಸಿದರು. ಆಪರೇಷನ್ ಆದರೆ ತಿಂಗಳುಗಟ್ಟಲೆ ಹಾಸಿಗೆ. ಅದರಿಂದ ಕಾಲ ಹೆಚ್ಚುತ್ತದೆ ಎಂದು ಹೇಳಲಾಗದಂತೆ. ಎಷ್ಟು ಕಾಲ ಉಳಿದಿದೆ ಎಂದೆ. “ಖಂಡಿತ ಹೇಳೋಕಾಗಲ್ಲಮ್ಮ. ತಿಂಗಳುಗಳು. ವರ್ಷಗಟ್ಟಲೆ ಅಂತ ನಾನು ಹೇಳಲ್ಲ” ಎಂದರು.

ಆ ಮಾತನ್ನು ನನ್ನ ಕಣ್ಣು ನೋಡಿ ಹೇಳಿದರು. ಎದೆ ಒಡೆದುಹೋಯಿತು, ಆದರೂ ಆ ಮನುಷ್ಯನ ಮೇಲೆ ಗೌರವ ಬಂತು.

ಆಪರೇಷನ್ ಬೇಡ ಎಂದೆ. ಆ ಡ್ರಿಪ್ಪೂ ಸಾಕು. ನೋವು ಬಂದರೆ ನೋವಿಗೆ, ಹೊಟ್ಟೆಯಲ್ಲಿ ನೀರು ತುಂಬಿದರೆ ಅದಕ್ಕೆ, ಅಷ್ಟು ನೋಡಿಕೊಳ್ಳಿ ಎಂದೆ. “ನಿಮ್ ಮಗ ಒಪ್ಪಿದ್ರಲ್ಲ” ಎಂದರು. ನಾನು ಒಪ್ಪಿಲ್ಲ ಎಂದೆ. ಬೇಡವೆಂಬುದನ್ನು ಕನ್ನಡದಲ್ಲಿ ಬರೆಸಿ, ಓದಿ, ಸಹಿ ಮಾಡಿದೆ. ನನ್ನ ಫೈಲಿನ ನಕಲು ನಿನ್ನೆ ಕೈಗೆ ಬಂತು. ಕೌಂಟರಿನವನು ಈ ಸಲ ಕಣ್ಣೆತ್ತಿ ನೋಡಿದ.

ಹೊರಗೆ ಬಂದರೆ ಸುರೇಶನ ಮುಖ ನೋಡಲಾಗಲಿಲ್ಲ. “ಏನಂದ್ರಮ್ಮ ಡಾಕ್ಟ್ರು? ಏನಂದ್ರು?” ಎಂದ.

“ಬಾರೋ, ಎಳ್ನೀರ್ ಕುಡ್ಕೊಂಡ್ ಬರೋಣ” ಎಂದೆ.

“ಅಮ್ಮ, ಮೊದ್ಲು ಹೇಳಮ್ಮ. ನನ್ ಕೈಲಿ ತಡ್ಕೊಳ್ಳೋಕಾಗ್ತಿಲ್ಲ.”

“ನನಗೆ ಹತ್ತು ತಿಂಗಳು ಕುಡ್ಸಿದ್ಯಲ್ಲೋ. ನೀನು ಒಂದ್ ಕುಡಿ.”

ಗೇಟಿನ ಆಚೆ ಎಳನೀರು ಹಿಡಿದುಕೊಂಡು ನಿಂತ. ಒಂದು ಗುಟುಕೂ ಒಳಗೆ ಹೋಗಲಿಲ್ಲ. ತಿಳಿಯದೆ ಹೊರಗೆ ನಿಲ್ಲುವುದೆಂದರೇನು ಎಂದು ಆಗ ಅವನಿಗೆ ಗೊತ್ತಾಯಿತು. ಎಲ್ಲವನ್ನೂ ಹೇಳಿದೆ, ಒಂದನ್ನೂ ಬಿಡಲಿಲ್ಲ. ರಸ್ತೆಯಲ್ಲೇ ಕೂತು ಮಗುವಿನ ಹಾಗೆ ಅತ್ತ. ಸುಳ್ಳು ಬುರುಕ, ಮನೆಹಾಳ, ಎಂದು ಬೈಯುತ್ತಲೇ ಬೆನ್ನು ಸವರಿದೆ. ಈಗ ಮನೆಯಲ್ಲಿ ಗುಸುಗುಸು ನಿಂತಿದೆ. ಫೋನು ನನ್ನ ಕೈಗೆ ಬಂದಿದೆ. ಮುನಿಶಾಮಪ್ಪನ ಟ್ಯಾಂಕರು ಮತ್ತೆ ನಮ್ಮ ಬೀದಿಗೆ ಬರುತ್ತಿದೆ. ನಾಳೆ ಅಕ್ಕನ ಮನೆಗೆ ಹೋಗಿ ಅವಳ ಫೋಟೋದ ಮುಂದೆ ಕೂತು ಬರುತ್ತೇನೆ. ಅದನ್ನು ಸರಿ ಮಾಡಲು ಯಾವ ಡಾಕ್ಟರರಿಂದಲೂ ಆಗುವುದಿಲ್ಲ.

ತುಪ್ಪದ ಮೈಸೂರು ಪಾಕನ್ನು ಉಗುಳಿದಿರಂತೆ. ಅದೂ ಹಾಳು.

ನಿಮ್ಮ ಪತ್ರವನ್ನು ದೂರಿಗೆ ಲಗತ್ತಿಸಿ ಎಂದಿದ್ದಿರಿ. ಲಗತ್ತಿಸಿದ್ದೇನೆ. ಮೆಡಿಕಲ್ ಕೌನ್ಸಿಲಿಗೆ ಇವತ್ತು ಬೆಳಿಗ್ಗೆ ಕಳಿಸಿದೆ. “ನಿಜ ಹೇಳಿದವರ ಮೇಲೆ ಯಾಕತ್ತೆ ದೂರು?” ಎಂದಳು ರಾಧಾಮಣಿ. ನಿಜ ಹೇಳಿದ್ದಕ್ಕಲ್ಲ, ಅಕ್ಕ ಸತ್ತ ಮೇಲೆ ಹೇಳಿದ್ದಕ್ಕೆ ಎಂದೆ. ನೀವು ಬರೆದದ್ದು ಒಳ್ಳೆಯ ಕಾಗದ. ನವೆಂಬರಿನಲ್ಲಿ ಬಾಯಿಬಿಟ್ಟು ಹೇಳಿದ್ದರೆ ಕಾಗದವೇ ಬೇಕಿರಲಿಲ್ಲ.

ಕ್ಷಮಿಸಿದೆ ಎಂದು ಬರೆಯಲಾರೆ. ಈ ಸಿಟ್ಟು ಇಳಿಯಲು ಕಾಲ ಬೇಕು, ಅಷ್ಟು ಕಾಲ ನನ್ನ ಹತ್ತಿರ ಇಲ್ಲ. ಅದಕ್ಕೆ ಅದನ್ನು ನಿಮ್ಮ ಹತ್ತಿರವೇ ಬಿಟ್ಟು ಹೋಗುತ್ತೇನೆ, ಇಟ್ಟುಕೊಳ್ಳಿ. ಇನ್ನು ಮುಂದೆ ಯಾರದಾದರೂ ರಿಪೋರ್ಟು ನಿಮ್ಮ ಕೈಗೆ ಬಂದಾಗ, ಮೊದಲು ಅವಳನ್ನು ಒಳಗೆ ಕರೆಯಿರಿ. ಕಡೆಯವರು ಎಳನೀರು ಕುಡಿಯುತ್ತಾ ಹೊರಗಿರಲಿ.

ದ್ರೌಪದಮ್ಮ